ಗಂಟಿನಿಂದ ಒಂದು ಮೊಳ ಕೆಳಗೆ

ಮಾವ ಕೆಳಗೆ ನಿಂತು ದೋಟಿಯಲ್ಲಿ ತೋರಿಸುತ್ತಾರೆ:
ಅಲ್ಲಿ, ಆ ತೋತಾಪುರಿಯ ಮೂಡಲ ಕೊಂಬೆಯಲ್ಲಿ,
ಎಲೆ ಬೇರೆ ಬಣ್ಣಕ್ಕಿದೆ ನೋಡು.
ನಾನು ಮೇಲಿದ್ದೇನೆ, ಮಚ್ಚಿನ ಹಗ್ಗ ಹಲ್ಲಲ್ಲಿ.
ಮಾರ್ಗಶಿರದ ಚಳಿ. ರಾಯಲ್ಪಾಡಿನ ಕಡೆಯ ಗುಡ್ಡಗಳು
ಇನ್ನೂ ಕಂಬಳಿ ತೆಗೆದಿಲ್ಲ.
ಮಾವು ಹೂ ಬಿಡುವ ಮುಂಚೆ ಮುಗಿಯಬೇಕು ಇದು.

ಹತ್ತಿರ ಹೋದರೆ ಅದು ಕಳ್ಳನ ಹಾಗೆ ಕಾಣುವುದಿಲ್ಲ.
ದಪ್ಪ ಎಲೆ, ಬೂದಿ ಸವರಿದ ಹಸಿರು.
ಕಿತ್ತಳೆ ಕೊಳವೆಯಂಥ ಮೊಗ್ಗು,
ಬೆರಳಲ್ಲಿ ಒತ್ತಿದರೆ ಟಪ್ಪನೆ ಬಿರಿದು
ಮೂಗಿಗೆ ಹಳದಿ ಪುಡಿ.

ಹೆಬ್ಬೆರಳಿನಷ್ಟು ಹಕ್ಕಿಯೊಂದಿದೆ,
ಕಣ್ಣಿಗೆ ಬೀಳುವ ಮುಂಚೆ ಚಿಕ್ ಚಿಕ್ ಎಂದು ಕಿವಿಗೆ ಬೀಳುತ್ತದಲ್ಲ, ಅದೇ.
ಬದನಿಕೆಯ ಕೆಂಪು ಹಣ್ಣು ನುಂಗುತ್ತದೆ.
ಬೀಜ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅಂಟು ಅಂಟಾಗಿ ಹಿಂದೆ ಜೋತಾಡುತ್ತದೆ,
ಹಕ್ಕಿ ಕೊಂಬೆಗೆ ತಿಕ ಉಜ್ಜಿ ಹಾರಿಹೋಗುತ್ತದೆ.
ಅಷ್ಟೇ. ಜಾತಕ, ಛತ್ರ, ಓಲಗ, ಏನೂ ಇಲ್ಲ.

ಬೀಜಕ್ಕೆ ಮಣ್ಣು ಗೊತ್ತಿಲ್ಲ.
ಹಸಿರು ಬೆರಳೊಂದನ್ನು ಚಾಚಿ
ತೊಗಟೆಯ ಮೇಲಿಟ್ಟು ಒತ್ತುತ್ತದೆ.
ತಿಂಗಳುಗಟ್ಟಲೆ ಒತ್ತುತ್ತದೆ.
ಒಳಗೆ ನೀರಿನ ಸದ್ದು ಕೇಳಿರಬೇಕು.
ಮುಳ್ಳಿನ ಮೊನೆಯಷ್ಟು ಬೇರು ಒಳಹೊಕ್ಕ ಮೇಲೆ
ಅಲ್ಲೊಂದು ಗಂಟು ಊದುತ್ತದೆ, ಬೆಲ್ಲದ ಅಚ್ಚಿನಷ್ಟು.
ಯಾವುದು ಮಾವು, ಯಾವುದು ಬದನಿಕೆ,
ಹೆರೆದು ನೋಡಿದ್ದೇನೆ:
ಬೆರಳಿಗೆ ಬೆರಳು ಹೆಣೆದು ಕೂತಿರುತ್ತವೆ.

ಮಾವನಿಗೆ ಗಂಡು ಮಕ್ಕಳಿಲ್ಲ. ನಾನು ಇಲ್ಲಟದ ಅಳಿಯ.
ಮುಳಬಾಗಿಲಿನ ಆಚೆಯಿಂದ
ಒಂದು ತಗಡಿನ ಟ್ರಂಕಿನ ಜೊತೆ ತಂದು ಇಲ್ಲಿ ಅಂಟಿಸಿದರು.
ಚಿಕ್ಕಮಾವ ಓಬಳರೆಡ್ಡಿ ಮೊದಲ ದಿನವೇ
ಜಗಲಿಯಲ್ಲಿ ತೆಲುಗಿನಲ್ಲಿ ಒಂದು ಮಾತು ಅಂದರು.
ಕನ್ನಡದಲ್ಲೂ ಹೆಚ್ಚುಕಡಿಮೆ ಅದೇ ಪದ.
ಅಲುವೇಲು ತಟ್ಟೆಗೆ ಮುದ್ದೆ ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.
ಮುದ್ದೆ ಮಾತ್ರ ಅವತ್ತಿನಿಂದ ಒಂದು ಹಿಡಿ ದೊಡ್ಡದು.

ಎಂಟು ವರ್ಷ ಈ ಮರಗಳನ್ನು ಹತ್ತಿಳಿದು ಹೇಳುತ್ತೇನೆ,
ಅದು ಕುಡಿಯುವುದು ನೀರು, ನೀರಲ್ಲಿ ಕರಗಿದ ಉಪ್ಪು.
ಅಡುಗೆ ತನ್ನ ಎಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ.
ಒಲೆ ಅದರದ್ದು, ಬಾವಿ ಮಾವಿನದು.
ಹಾಗಂತ ಕೊಂಬೆಯ ತುದಿ ಒಣಗುವುದು ತಪ್ಪುವುದಿಲ್ಲ.
ಒಣಗಿದ್ದನ್ನೂ ನಾನೇ ಕಡಿದು ಹೊತ್ತಿದ್ದೇನೆ,
ಆದ್ದರಿಂದ ಎರಡನ್ನೂ ಹೇಳಬೇಕು.

ಬೇಲಿಯ ಮೂಲೆಯಲ್ಲಿ ಗಂಧದ ಮರವಿದೆ.
ಅದೂ ನೆಲದಡಿ ಪಕ್ಕದ ಹೊಂಗೆಯ ಬೇರಿಗೆ ಬಾಯಿ ಹಚ್ಚಿದ್ದೇ.
ಅದಕ್ಕೆ ಮುಳ್ಳುತಂತಿ ಸುತ್ತಿ
ಮಾವ ರಾತ್ರಿ ಎರಡು ಸಲ ಎದ್ದು ಟಾರ್ಚು ಬಿಡುತ್ತಾರೆ.
ಕಾಣದ ಹಾಗೆ ಕುಡಿದವರಿಗೆ ಕಾವಲು.

ಇವತ್ತು ಇನ್ನೊಂದು ಕಂಡೆ:
ಬದನಿಕೆಯ ಮೈಮೇಲೇ ಬೇರೊಂದು ಬದನಿಕೆ,
ಗೇಣುದ್ದ, ಗಿಣ್ಣುಗಿಣ್ಣಿನದು, ಹಾಯಾಗಿ ಕೂತಿದೆ.
ನನ್ನ ತಮ್ಮ ಕೋನಪ್ಪ ಬಂದು ಮೂರು ತಿಂಗಳಾಯಿತು,
ಐಟಿಐ ಮುಗಿಯುವ ತನಕ ಅಂತ.
ಮರದ ಮೇಲೆ ಒಬ್ಬನೇ ನಕ್ಕೆ.
ಏನದು, ಅಂದರು ಮಾವ.
ಇರುವೆ, ಅಂದೆ.

ಗಿಡವನ್ನಷ್ಟೇ ಕಿತ್ತರೆ ಮತ್ತೆ ಚಿಗುರುತ್ತದೆ.
ಗಂಟಿನಿಂದ ಒಂದು ಮೊಳ ಕೆಳಗೆ ಏಟು ಹಾಕಬೇಕು,
ಮರದ್ದೂ ಸ್ವಲ್ಪ ಹೋಗಬೇಕು.
ಹಾಕಿದೆ. ಎರಡೂ ಒಟ್ಟಿಗೆ ಬಿದ್ದವು.

ಇಳಿದು ಬರುವಷ್ಟರಲ್ಲಿ
ಎಲೆಯೆಲ್ಲ ಮೇಕೆಯ ಬಾಯಲ್ಲಿತ್ತು.
ಮಾವ ಗಂಟನ್ನು ಮಾತ್ರ ಕತ್ತರಿಸಿ ತೆಗೆದು,
ಮಣ್ಣು ಒರೆಸಿ, ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.
ಮೊಮ್ಮಗ ಬುಗುರಿ ಕೇಳುತ್ತಿದ್ದಾನೆ ಭಾನುವಾರದಿಂದ.
ಇದು ಸೀಳಲ್ಲ ಕಣಪ್ಪ, ಅಂದರು,
ನನ್ನ ಕಡೆ ನೋಡದೆ,
ಚೀಲಕ್ಕೆ ಹಾಕಿಕೊಳ್ಳುತ್ತ.